ಕಡ್ಡಿಯ ಚಕ್ರವನ್ನು ಗುಜರಿಗೆ ಹಾಕಬೇಡಿ

ಕತೆ, ಕವಿತೆ, ಯಕ್ಷಗಾನ ವಿಚಾರಗಳನ್ನು ಓದಲು ಈ ವಾರ್ಷಿಕ ಸಂಚಿಕೆಯನ್ನು ಬಿಡಿಸುವವರಿಗೆ, ಬೈಕಿನ ಚಕ್ರದ ಕುರಿತಾದ ಲೇಖನ ಇಲ್ಲಿಗೆ ಹೇಗೆ ಬಂತು ಎಂದು ಅನ್ನಿಸಬಹುದು. ನಾನು ಸಾಹಿತಿಯಲ್ಲ. ಬಿ.ಎ. ಮುಗಿಸಿ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿ ಇಪ್ಪತ್ತೆರಡು ವರ್ಷ ಕಳೆದವನು. ಆದರೆ ಬದಿಯಡ್ಕದಿಂದ ಉಪ್ಪಳದವರೆಗಿನ ನಮ್ಮ ಆಸುಪಾಸಿನಲ್ಲಿ, ನಾನೇ ಎಣಿಸಿದಂತೆ, ಏಳು ಹಳೆಯ ಯೆಜ್ಡಿ ಮತ್ತು ಜಾವಾ ಬೈಕುಗಳ ಕಡ್ಡಿಯ ಚಕ್ರಗಳನ್ನು ಕಿತ್ತು ಅಲಾಯ್ ಚಕ್ರ ಕೂರಿಸಿದ್ದಾರೆ. ಆ ಏಳರಲ್ಲಿ ಒಂದು ನಮ್ಮ ಮನೆಯದು. ಅದಕ್ಕೆ ಹಣ ಕೊಟ್ಟವನು ನಾನೇ. ಆದುದರಿಂದ ಈ ಲೇಖನದ ಮೊದಲನೆಯ ಆರೋಪಿಯೂ ನಾನೇ ಎಂದು ಒಪ್ಪಿಕೊಂಡು ಮುಂದುವರಿಯುತ್ತೇನೆ.

ನನ್ನ ವಾದ ಇಷ್ಟೆ. ಕಡ್ಡಿಯ ಚಕ್ರದೊಂದಿಗೆ ಹುಟ್ಟಿದ ಹಳೆಯ ವಾಹನಕ್ಕೆ ಬೇರೊಂದು ವಾಹನದ ಅಲಾಯ್ ಚಕ್ರವನ್ನು ಕಡಿದು, ಕೊರೆದು, ಬುಶ್ ಹಾಕಿ ಕೂರಿಸುವುದು ತಪ್ಪು. ಚೆಂದ ಹಾಳಾಗುತ್ತದೆ ಎಂಬುದು ಸಣ್ಣ ಮಾತು. ಅದು ಅಪಾಯ ಎಂಬುದು ದೊಡ್ಡ ಮಾತು. ಊರಿನಲ್ಲೇ ಕೈಯಿಂದ ರಿಪೇರಿಯಾಗುವ ವಸ್ತುವನ್ನು ಕೊಟ್ಟು, ಒಡೆದರೆ ಎಸೆಯದೆ ಬೇರೆ ದಾರಿಯಿಲ್ಲದ ವಸ್ತುವನ್ನು ತರುವುದು ಲಾಭವೂ ಅಲ್ಲ ಎಂಬುದು ಕೊನೆಯ ಮಾತು.

ನಡೆದುದನ್ನು ಮೊದಲು ಹೇಳುತ್ತೇನೆ.

ನಮ್ಮ ಅಪ್ಪ 1986ರಲ್ಲಿ ಮಂಗಳೂರಿನಿಂದ ಒಂದು ಯೆಜ್ಡಿ ರೋಡ್‌ಕಿಂಗ್ ತಂದರು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ. ಒಂದು ಸಿಲಿಂಡರ್, ಎರಡು ಸೈಲೆನ್ಸರ್, 250 ಸಿ.ಸಿ. ಎಂದು ಹೇಳುವ ಟೂ-ಸ್ಟ್ರೋಕ್ ಎಂಜಿನ್. ಅಡಿಕೆ ಮಾರಲು ಹೋಗುವಾಗಲೂ, ಅಕ್ಕನ ಮದುವೆಗೆ ಮುನ್ನ ವರನ ಮನೆ ನೋಡಲು ಹೋಗುವಾಗಲೂ, ಆಟಕ್ಕೆ ಹೋಗಿ ಬೆಳಗಿನ ಜಾವ ಮರಳುವಾಗಲೂ ಅದೇ ಗಾಡಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಪ್ಪ ತೀರಿಕೊಂಡ ಮೇಲೆ ಗಾಡಿ ಕೆಲವು ವರ್ಷ ಹಟ್ಟಿಯ ಪಕ್ಕದಲ್ಲಿ ನಿಂತಿತು. ಕಾಲೇಜಿಗೆಂದು ನಮ್ಮಲ್ಲಿ ಉಳಿದುಕೊಂಡಿದ್ದ ಅಕ್ಕನ ಮಗ ಅದನ್ನು ಒರೆಸಿ, ಕಾರ್ಬ್ಯುರೇಟರ್ ತೊಳೆದು ಚಾಲೂ ಮಾಡಿದ. ಆ ಶಬ್ದ ಕೇಳಿ ನನ್ನ ಅಮ್ಮ ಒಳಗಿನಿಂದ ಓಡಿ ಬಂದುದನ್ನು ನಾನು ಮರೆಯಲಾರೆ.

ಹಿಂದಿನ ಚಕ್ರದಲ್ಲಿ ನಾಲ್ಕು ಕಡ್ಡಿ ತುಂಡಾಗಿತ್ತು. ರಿಮ್ ತುಕ್ಕು ಹಿಡಿದಿತ್ತು. ಹುಡುಗ ಬಂದು ಕೇಳಿದ: "ಮಾವ, ಇದಕ್ಕೆ ಅಲಾಯ್ ಹಾಕಿಸುವ. ಕಡ್ಡಿಯೆಲ್ಲ ಈಗ ಯಾರೂ ಇಟ್ಟುಕೊಳ್ಳುವುದಿಲ್ಲ. ಟ್ಯೂಬ್‌ಲೆಸ್ ಆದರೆ ಪಂಕ್ಚರಿನ ಹೆದರಿಕೆಯೂ ಇಲ್ಲ." ನಾನು ಒಂದು ಮಾತೂ ವಿಚಾರಿಸದೆ ಹಣ ಕೊಟ್ಟೆ. ವರ್ಕ್‌ಶಾಪ್ ಒಂದರಲ್ಲಿ ಬೇರೆ ಕಂಪನಿಯ ಬೈಕಿನ 17 ಇಂಚಿನ ಹಳೆಯ ಅಲಾಯ್ ಜೊತೆಯನ್ನು ತಂದು, ಲೇತಿನಲ್ಲಿ ಬುಶ್ ಕಡೆಸಿ, ನಮ್ಮ ಗಾಡಿಯ ಆಕ್ಸಲಿಗೆ ಹೊಂದಿಸಿದರು. ತೆಗೆದ ಎರಡು ಚಕ್ರಗಳನ್ನು ಹಬ್ ಸಮೇತ ಗುಜರಿಗೆ ತೂಕ ಹಾಕಿದರು. 420 ರೂಪಾಯಿ ಸಿಕ್ಕಿತು. ಆ ಹಣದಲ್ಲಿ ಹುಡುಗ ಪೆಟ್ರೋಲ್ ಹಾಕಿಸಿಕೊಂಡ.

ಆರನೆಯ ವಾರದಲ್ಲಿ ಪೆರ್ಲದ ಕಡೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಒಮ್ಮೆಲೇ ಸ್ತಂಭಿಸಿ ನಿಂತಿತು. ಗಾಡಿ ಅಡ್ಡ ಬಿತ್ತು. ಎದುರಿನಿಂದ ಬರುತ್ತಿದ್ದ ಜೀಪಿನ ಚಾಲಕ ಗದ್ದೆಯ ಕಡೆಗೆ ತಿರುಗಿಸಿದುದರಿಂದ ಹುಡುಗ ಬದುಕಿದ. ಕೊರಳೆಲುಬು ಮುರಿದುದರಲ್ಲಿ ಮುಗಿಯಿತು.

ಕಾರಣ ಏನೆಂದು ಆಮೇಲೆ ಬಿಚ್ಚಿ ನೋಡಿದಾಗ ತಿಳಿಯಿತು. ಡ್ರಮ್ ಬ್ರೇಕಿನಲ್ಲಿ ಚಕ್ರದೊಂದಿಗೆ ಡ್ರಮ್ ತಿರುಗುತ್ತದೆ. ಬ್ರೇಕ್ ಶೂಗಳನ್ನು ಹೊತ್ತ ತಟ್ಟೆ ತಿರುಗಬಾರದು. ಅದು ತಿರುಗದಂತೆ ಗಾಡಿಯ ಚೌಕಟ್ಟಿಗೆ ಒಂದು ಕಬ್ಬಿಣದ ಪಟ್ಟಿಯಿಂದಲೋ ಗೂಟದಿಂದಲೋ ಹಿಡಿದಿಟ್ಟಿರುತ್ತಾರೆ. ಬ್ರೇಕ್ ಹಾಕಿದಾಗ ಗಾಡಿಯನ್ನು ನಿಲ್ಲಿಸುವ ಬಲವೆಲ್ಲ ಬಂದು ಬೀಳುವುದು ಈ ಹಿಡಿತದ ಮೇಲೆ. ಬೇರೆ ಬೈಕಿನ ಹಬ್ ತಂದಾಗ ಅದರ ತಟ್ಟೆಯ ತೂತು ನಮ್ಮ ಗಾಡಿಯ ಜಾಗಕ್ಕೆ ಹೊಂದಲಿಲ್ಲ. ತೆಳ್ಳಗಿನ ಪಟ್ಟಿಯೊಂದನ್ನು ವೆಲ್ಡ್ ಮಾಡಿ ಸುಧಾರಿಸಿದ್ದರು. ಆ ವೆಲ್ಡ್ ಬಿಟ್ಟಿತ್ತು. ತಟ್ಟೆ ಡ್ರಮ್ಮಿನೊಂದಿಗೆ ಸುತ್ತಿ, ಬ್ರೇಕಿನ ಸರಳನ್ನು ಎಳೆದು ಮಡಚಿ ಚಕ್ರವನ್ನು ಕಟ್ಟಿಹಾಕಿತ್ತು. ಅದಲ್ಲದೆ ಬುಶ್ಶಿನ ಅಳತೆ ತಪ್ಪಿ ಹಿಂದಿನ ಚಕ್ರ ಮುಂದಿನದರ ನೇರಕ್ಕೆ ಇರಲಿಲ್ಲ. ಒಂದು ಬೆರಳಿನಷ್ಟು ಬದಿಗೆ ಸರಿದಿತ್ತು. ಚೈನು ಓರೆಯಾಗಿ ಓಡಿ ಸ್ಪ್ರಾಕೆಟಿನ ಹಲ್ಲನ್ನು ಒಂದು ಕಡೆ ತಿಂದಿತ್ತು.

ನೋಡಲು ಮಾತ್ರ ಗಾಡಿ ಬಹಳ ಚೆಂದ ಕಾಣುತ್ತಿತ್ತು.

ಇನ್ನು ವಾದಕ್ಕೆ ಬರುತ್ತೇನೆ. ಅಲಾಯ್ ಪಕ್ಷದವರು ಹೇಳುವ ಮೊದಲ ಮಾತು: ಕಡ್ಡಿಯ ಚಕ್ರ ದುರ್ಬಲ, ಹಳೆಯ ಕಾಲದ್ದು. ಇದು ಶುದ್ಧ ಅಜ್ಞಾನ. ಎತ್ತಿನ ಗಾಡಿಯ ಮರದ ಅರಗಳು ಭಾರವನ್ನು ಕೆಳಗಿನಿಂದ ಕಂಬದ ಹಾಗೆ ಹೊರುತ್ತವೆ. ಬೈಕಿನ ಕಡ್ಡಿ ಹಾಗಲ್ಲ. ಆ ಸಪುರ ತಂತಿಯನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಿದರೆ ಅದು ಬಾಗುತ್ತದೆ. ಅದರ ಶಕ್ತಿ ಇರುವುದು ಎಳೆತದಲ್ಲಿ. ರಿಮ್ಮಿಗೂ ಹಬ್ಬಿಗೂ ನಡುವೆ ಎಲ್ಲ ಕಡ್ಡಿಗಳನ್ನೂ ಮೊದಲೇ ಬಿಗಿದು ಇಟ್ಟಿರುತ್ತಾರೆ. ಚಕ್ರ ಉರುಳುವಾಗ ನೆಲದ ಕಡೆಗೆ ಬಂದ ಕಡ್ಡಿಗಳ ಬಿಗಿತ ಸ್ವಲ್ಪ ಇಳಿಯುತ್ತದೆ, ಮೇಲೆ ಹೋದಾಗ ಮತ್ತೆ ಮೊದಲಿನಂತಾಗುತ್ತದೆ. ಒಂದೊಂದು ಕಡ್ಡಿ ದುರ್ಬಲ. 36 ಕಡ್ಡಿ ಒಟ್ಟಿಗೆ ಬಿಗಿದ ಚಕ್ರ ದುರ್ಬಲವಲ್ಲ. ಕಡ್ಡಿಗಳನ್ನು ಹಬ್ಬಿನಿಂದ ನೇರ ಹೊರಡಿಸದೆ ಒಂದರ ಮೇಲೊಂದು ದಾಟಿಸಿ ಓರೆಯಾಗಿ ಹೆಣೆಯುವುದಕ್ಕೂ ಕಾರಣವಿದೆ. ಎಂಜಿನ್ ಎಳೆಯುವಾಗ ಮತ್ತು ಬ್ರೇಕ್ ಹಿಡಿಯುವಾಗ ಹಬ್ ತಿರುಚಿಕೊಳ್ಳಲು ನೋಡುತ್ತದೆ. ಓರೆಯ ಕಡ್ಡಿ ಆ ತಿರುಚನ್ನು ತಡೆದು ರಿಮ್ಮಿಗೆ ದಾಟಿಸುತ್ತದೆ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಸೈಕಲ್ ತಯಾರಿಸುತ್ತಿದ್ದ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಈ ಓರೆ ಹೆಣಿಗೆಗೆ ಪೇಟೆಂಟ್ ಪಡೆದ. 150 ವರ್ಷ ಕಳೆದರೂ ಸೈಕಲಿನಲ್ಲಿ, ಬೈಕಿನಲ್ಲಿ ಅದು ಉಳಿದುಕೊಂಡಿದೆ ಎಂದರೆ ಅದು ಹಳತೆಂಬ ಕಾರಣಕ್ಕಲ್ಲ, ಸರಿಯೆಂಬ ಕಾರಣಕ್ಕೆ.

ಹಾಗಾದರೆ ನಮ್ಮ ಕಡ್ಡಿ ಯಾಕೆ ತುಂಡಾಯಿತು? ಬಿಗಿ ಹೆಚ್ಚಾಗಿ ಅಲ್ಲ, ಸಡಿಲಾಗಿ. ಸಡಿಲಾದ ಕಡ್ಡಿ ಪ್ರತಿ ಸುತ್ತಿಗೂ ಒಮ್ಮೆ ಅಲುಗಾಡುತ್ತದೆ. ಹಬ್ಬಿನ ಹತ್ತಿರದ ಮೊಣಕೈಯಂತಹ ಬಾಗಿನಲ್ಲಿ ಲೋಹ ದಣಿದು ಒಂದು ದಿನ ಮುರಿಯುತ್ತದೆ. ಒಂದು ಮುರಿದರೆ ಅದರ ಪಾಲಿನ ಭಾರ ನೆರೆಯ ಕಡ್ಡಿಗಳ ಮೇಲೆ ಬೀಳುತ್ತದೆ. ಹೀಗೆ ನಾಲ್ಕು ಹೋದವು. ವರ್ಷಕ್ಕೊಮ್ಮೆ ಬಿಗಿತ ನೋಡಿಸದೆ ಇದ್ದವರು ನಾವು; ಅಪವಾದ ಹೊತ್ತದ್ದು ಕಡ್ಡಿ.

ಅಲಾಯ್ ಗಟ್ಟಿ ಎಂಬುದೂ ಅರ್ಧ ಸತ್ಯವೇ. ಎರಕದ ಅಲ್ಯೂಮಿನಿಯಂ ಮಿಶ್ರಲೋಹ ಗಡುಸು, ನಿಜ. ನುಣ್ಣಗಿನ ಹೆದ್ದಾರಿಯಲ್ಲಿ ಅದು ಅಚ್ಚುಕಟ್ಟಾಗಿ ಓಡುತ್ತದೆ. ಆದರೆ ಮಳೆಗಾಲದ ನಮ್ಮ ಒಳರಸ್ತೆಯ ಗುಂಡಿಯ ಅಂಚಿಗೆ ವೇಗದಲ್ಲಿ ಬಡಿದರೆ ಅದು ಬಿರುಕು ಬಿಡಬಹುದು. ಕೂದಲೆಳೆಯಂತಹ ಬಿರುಕು ಬಣ್ಣದಡಿಯಲ್ಲಿ ಕಾಣುವುದೂ ಇಲ್ಲ. ವೆಲ್ಡ್ ಮಾಡಿಸಿದರೆ ಆ ಬಿಸಿಗೆ ಲೋಹದ ಮೂಲಗುಣ ಕೆಡುತ್ತದೆ. ಒಳಗೆ ಬಿರುಕು ಉಳಿಯಲೂಬಹುದು. ಕಡ್ಡಿಯ ಚಕ್ರದ ಉಕ್ಕಿನ ರಿಮ್ ಅದೇ ಪೆಟ್ಟಿಗೆ ಬಾಗುತ್ತದೆ. ಬಾಗಿದ್ದನ್ನು ನೆಟ್ಟಗೆ ಮಾಡಬಹುದು. ಆಗದಿದ್ದರೆ ರಿಮ್ ಒಂದನ್ನೇ ಬದಲಿಸಬಹುದು. ಹಬ್ ಅದೇ, ಬ್ರೇಕ್ ಅದೇ. ಕಲ್ಲುಮಣ್ಣಿನ ದಾರಿಗೆಂದು ತಯಾರಿಸುವ ಬೈಕುಗಳಿಗೆ ಕಂಪನಿಗಳು ಇಂದಿಗೂ ಕಡ್ಡಿಯ ಚಕ್ರವನ್ನೇ ಕೊಡುತ್ತಿರುವುದನ್ನು ನೋಡಿ. 2016ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರ ಹೀರೋ ಎಕ್ಸ್‌ಪಲ್ಸ್ ಎರಡೂ ಕಡ್ಡಿಯ ಚಕ್ರದಲ್ಲೇ ಬಂದವು. ಬೇರೊಂದು ಕಂಪನಿಯಿಂದ ಯೆಜ್ಡಿ ಹೆಸರು 2022ರಲ್ಲಿ ಮರಳಿ ಬಂದಾಗಲೂ ರಸ್ತೆಯ ಮಾದರಿಗೆ ಅಲಾಯ್, ಕಾಡುದಾರಿಯ ಎರಡು ಮಾದರಿಗಳಿಗೆ ಕಡ್ಡಿ. ಯಾವುದಕ್ಕೆ ಯಾವುದು ಎಂದು ತೀರ್ಮಾನಿಸಿದವರು ಇಡೀ ಗಾಡಿಯನ್ನು ಲೆಕ್ಕಕ್ಕೆ ತೆಗೆದುಕೊಂಡವರು, ಬರೇ ಚಕ್ರವನ್ನಲ್ಲ. ನನ್ನ ಜಗಳ ಅಲಾಯಿಯೊಂದಿಗೆ ಅಲ್ಲ. ಅದರೊಂದಿಗೇ ಹುಟ್ಟಿದ ಬೈಕಿನಲ್ಲಿ ಅದು ಇರಲಿ. ನಾನೇ ಬ್ಯಾಂಕಿಗೆ ಹೋಗುವ ಗಾಡಿಗೆ ಅಲಾಯ್ ಇದೆ.

ಎರಡನೆಯ ವಾದ ಪಂಕ್ಚರಿನದು. ಇದನ್ನು ನಾನು ಅರ್ಧಕ್ಕಿಂತ ಹೆಚ್ಚು ಒಪ್ಪುತ್ತೇನೆ. ಟ್ಯೂಬಿಗೆ ಮೊಳೆ ಹೊಕ್ಕರೆ ಗಾಳಿ ಬೇಗ ಹೋಗುತ್ತದೆ. ಟ್ಯೂಬ್‌ಲೆಸ್ ಟಯರಿನಿಂದ ಸಾಮಾನ್ಯವಾಗಿ ನಿಧಾನಕ್ಕೆ ಹೋಗುತ್ತದೆ. ರಾತ್ರಿ ಹೊತ್ತು ಹೆಂಡತಿ ಮಕ್ಕಳೊಂದಿಗೆ ಬರುವವನಿಗೆ ಇದು ಸಣ್ಣ ವಿಷಯವಲ್ಲ. ಆದರೆ ಗಾಳಿ ಸೋರುವುದಕ್ಕೆ ಕಾರಣ ಕಡ್ಡಿಯಲ್ಲ, ರಿಮ್ಮಿನ ನಡುವೆ ನಿಪ್ಪಲ್ ಕೂರಿಸಲು ಮಾಡಿದ ತೂತು. ಕಡ್ಡಿಗಳನ್ನು ರಿಮ್ಮಿನ ಅಂಚಿಗೆ ಸಿಕ್ಕಿಸಿ ಟ್ಯೂಬ್ ಇಲ್ಲದೆ ಓಡುವ ಚಕ್ರವನ್ನು ಬಿ.ಎಂ.ಡಬ್ಲ್ಯು. 1987ರಷ್ಟು ಹಿಂದೆಯೇ ತನ್ನ ಬೈಕಿಗೆ ಕೊಟ್ಟಿತ್ತು. ಇನ್ನು ನಮ್ಮ ಯೆಜ್ಡಿಯ ವಿಷಯ: ಹಿಂದಿನ ಚಕ್ರವನ್ನು ಕಳಚುವಾಗ ಚೈನು, ಸ್ಪ್ರಾಕೆಟ್ ಮುಟ್ಟಬೇಕಾಗಿಯೇ ಇಲ್ಲ. ಮುಚ್ಚಿದ ಚೈನ್ ಪೆಟ್ಟಿಗೆಯೊಳಗೆ ಅವು ಹಾಗೇ ಉಳಿಯುತ್ತವೆ. ಚಕ್ರ ಮಾತ್ರ ಹೊರಬರುತ್ತದೆ. ರಸ್ತೆ ಬದಿಯಲ್ಲಿ ಪಂಕ್ಚರ್ ಹಾಕುವವನ ಕಷ್ಟವನ್ನು ತಿಳಿದೇ ಮಾಡಿದ ಏರ್ಪಾಡು ಅದು. ಬೇರೆ ಹಬ್ ಹಾಕಿದ ದಿನವೇ ಆ ಅನುಕೂಲವನ್ನು ನಾವು ಕಳೆದುಕೊಂಡೆವು. ಸ್ಪ್ರಾಕೆಟಿಗೂ ಚಕ್ರಕ್ಕೂ ನಡುವೆ ಇದ್ದು ಎಂಜಿನಿನ ಎಳೆತದ ಜರ್ಕನ್ನು ನುಂಗುತ್ತಿದ್ದ ರಬ್ಬರುಗಳು ಆ ಹಬ್ಬಿನೊಂದಿಗೇ ಗುಜರಿಗೆ ಹೋದವು.

ಮೂರನೆಯ ವಾದ: "ಫಾರಿನ್‌ನಲ್ಲಿ ಕೂಡ ಹಳೆಯ ಕಾರುಗಳಿಗೆ ಅಲಾಯ್ ಹಾಕುತ್ತಾರಲ್ಲ?" ಇದಕ್ಕೆ ಉತ್ತರ ಸಿಕ್ಕಿದ್ದು ನನ್ನ ಭಾವನಿಂದ, ಎಂದರೆ ಬಿದ್ದ ಹುಡುಗನ ಅಪ್ಪನಿಂದ. ಅವರು ಶಾರ್ಜಾದ ಗ್ಯಾರೇಜಿನಲ್ಲಿ ಹಳೆಯ ಇಂಗ್ಲಿಷ್ ಕಾರುಗಳ ಕೆಲಸ ಮಾಡುವವರು. ಆಸ್ಪತ್ರೆಯಿಂದ ನಾನು ಫೋನ್ ಮಾಡಿದಾಗ ಅವರು ಬೈಯಲಿಲ್ಲ. "ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ, ಭಾವ?" ಎಂದಷ್ಟೇ ಹೇಳಿದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ತಾಗಿತು.

ಊರಿಗೆ ಬಂದಾಗ ಅವರು ವಿವರಿಸಿದ್ದು ಎಂ.ಜಿ.ಬಿ. ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ ವಿಷಯ. ಇಂಗ್ಲೆಂಡಿನ ಆಬಿಂಗ್‌ಡನ್ ಎಂಬಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಕಾರು. ಕಂಪನಿಯೇ ಎರಡು ಬಗೆಯ ಚಕ್ರ ಕೊಡುತ್ತಿತ್ತು: ನಾಲ್ಕು ನಟ್ಟಿನ ಉಕ್ಕಿನ ಚಕ್ರ, ಇಲ್ಲವೇ ತಂತಿಯ ಚಕ್ರ. ತಂತಿಯ ಚಕ್ರಕ್ಕೆ ನಾಲ್ಕು ನಟ್ ಇಲ್ಲ. ಹಬ್ಬಿನ ಮೇಲೆ ಗೀರು ಗೀರಾದ ಹಲ್ಲುಗಳಿರುತ್ತವೆ. ಚಕ್ರ ಅದರ ಮೇಲೆ ಜಾರಿ ಕೂತು ನಡುವಿನ ಒಂದೇ ದೊಡ್ಡ ನಟ್ಟಿನಿಂದ ಬಿಗಿಯಾಗುತ್ತದೆ. ರೆಕ್ಕೆಯಿರುವ ಆ ನಟ್ಟನ್ನು ಮೆದುಲೋಹದ ಸುತ್ತಿಗೆಯಿಂದ ಬಡಿದು ಬಿಗಿಯುವುದು ಕ್ರಮ. ಕಾರಿನ ಎಡಬದಿಯ ನಟ್ಟಿನ ಮರೆ ಒಂದು ದಿಕ್ಕಿಗೆ, ಬಲಬದಿಯದು ಇನ್ನೊಂದು ದಿಕ್ಕಿಗೆ. ಹಬ್ಬನ್ನು ಅದಲು ಬದಲಾಗಿ ಕೂರಿಸಿದರೆ ಓಡುತ್ತ ಓಡುತ್ತ ನಟ್ ತಾನಾಗಿ ಸಡಿಲಾಗಿ ಚಕ್ರ ಕಳಚಿಕೊಳ್ಳಬಹುದು. ರೆಕ್ಕೆಯ ನಟ್ ದಾರಿಹೋಕರಿಗೆ ತಾಗಿ ಗಾಯವಾದೀತೆಂದು ಅಮೆರಿಕದಲ್ಲಿ 1968ರಿಂದ ಅದನ್ನು ನಿಷೇಧಿಸಿದ್ದರು; ಅಲ್ಲಿಗೆ ಕಳಿಸುವ ಕಾರಿಗೆ ಎಂಟು ಮೂಲೆಯ ನಟ್ ಹಾಕಬೇಕಾಯಿತು. ಒಂದು ನಟ್ಟಿನ ಹಿಂದೆ ಇಷ್ಟೆಲ್ಲ ಇದೆ.

ಈ ಕಾರಿಗೆ ಅಲಾಯ್ ಬೇಕೆನ್ನುವವರು ಅಲ್ಲಿಯೂ ಬಹಳ ಮಂದಿ. ಅವರ ಕಾರಣಗಳೂ ನಮ್ಮವೇ: ತಂತಿ ಒರೆಸಿ ಸಾಕಾಯಿತು, ತುಕ್ಕು, ಸಡಿಲು, ಹಬ್ಬಿನ ಹಲ್ಲು ಸವೆದು ಬ್ರೇಕ್ ಹಿಡಿದಾಗ ಟಕ್ಕೆನ್ನುವ ಶಬ್ದ. ಹಲ್ಲು ಸವೆದ ಹಬ್ಬಿನಲ್ಲಿ ಓಡಿಸುವುದು ನಿಜಕ್ಕೂ ಅಪಾಯ ಎಂದು ಭಾವ ಒಪ್ಪುತ್ತಾರೆ. ಆದರೆ ಬದಲಿಸುವ ಕ್ರಮ ಬೇರೆ. ತಂತಿಯ ಚಕ್ರದ ಎಂ.ಜಿ.ಬಿ.ಗೆ ಹಿಂದಿನ ಆಕ್ಸಲ್ಲೇ ಅಗಲ ಕಡಿಮೆ. ನಟ್ಟಿನ ಅಲಾಯ್ ಹಾಕಬೇಕಾದರೆ ಮುಂದಿನ ಹಬ್ಬುಗಳನ್ನು ಬದಲಿಸಿ, ಹಿಂದೆ ನಟ್ಟಿನ ಚಕ್ರಕ್ಕೆಂದೇ ಮಾಡಿದ ಅಗಲದ ಆಕ್ಸಲನ್ನು ತಂದು ಕೂರಿಸುವುದು ಒಂದು ಸರಿಯಾದ ದಾರಿ. ಇನ್ನೊಂದು ದಾರಿ, ಹಲ್ಲಿನ ಹಬ್ಬಿಗೆ ಹೊಂದುವಂತೆಯೇ ಎರಕ ಹೊಯ್ದ ಅಲಾಯ್ ಚಕ್ರ ಕೊಳ್ಳುವುದು. ಹಲ್ಲು ಸವೆದಿದ್ದರೆ ಹಬ್ ಬದಲಿಸದೆ ಅದನ್ನೂ ಹಾಕುವ ಹಾಗಿಲ್ಲ. ಕಂಪನಿಯೇ 1973ರಲ್ಲಿ ಇದೇ ಕಾರಿಗೆ ಎಂಟು ಸಿಲಿಂಡರಿನ ಬಲವಾದ ಎಂಜಿನ್ ಇಟ್ಟಾಗ ತಂತಿಯ ಚಕ್ರವನ್ನು ಬಿಟ್ಟು, ಉಕ್ಕಿನ ರಿಮ್ಮಿನ ನಡುವೆ ಮಿಶ್ರಲೋಹವಿರುವ ಚಕ್ರ ಕೊಟ್ಟಿತು. ಬಲ ಹೆಚ್ಚಿತು, ಚಕ್ರ ಬದಲಾಯಿತು. ಅದು ಲೆಕ್ಕಾಚಾರ. ನಮ್ಮ ವರ್ಕ್‌ಶಾಪಿನಲ್ಲಿ ಆದದ್ದು ಅಂದಾಜು.

"ಮತ್ತೊಂದು ಗೊತ್ತುಂಟಾ?" ಎಂದರು ಭಾವ. "ನಾವು ತೆಗೆದ ನಾಲ್ಕು ತಂತಿ ಚಕ್ರ, ಹಬ್, ನಟ್ ಎಲ್ಲವನ್ನೂ ಎಣ್ಣೆ ಹಚ್ಚಿ, ಪೆಟ್ಟಿಗೆಯಲ್ಲಿ ಹಾಕಿ, ಮೇಲೆ ಹೆಸರು ಬರೆದು ಕಾರಿನ ಯಜಮಾನರಿಗೇ ಕೊಡುತ್ತೇವೆ. ಅದನ್ನು ಬಿಟ್ಟು ಹೋದ ಒಬ್ಬ ಗಿರಾಕಿಯನ್ನೂ ನಾನು ನೋಡಿಲ್ಲ." ನಾನು ತಲೆ ತಗ್ಗಿಸಿ ಕೂತೆ. ನಮ್ಮದು 420 ರೂಪಾಯಿಯ ಪೆಟ್ರೋಲ್ ಆಗಿ ಹೊಗೆಯಲ್ಲಿ ಹೋಗಿತ್ತು.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್, ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ. ಇದನ್ನು ಸುಪ್ರೀಂ ಕೋರ್ಟು 2019ರ ಜನವರಿ 9ರಂದು ನಮ್ಮ ಕೇರಳದಿಂದಲೇ ಹೋದ ಪ್ರಕರಣದಲ್ಲಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಪ್ರಕಾರ, ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಬದಲಿಸಿದ ಮಾಲಕನಿಗೆ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ಹದಿನೈದು ವರ್ಷ ದಾಟಿದ ಗಾಡಿಯನ್ನು ಐದು ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ಯಲೇಬೇಕು ಎಂಬುದನ್ನೂ ಅಲಾಯ್ ಹಾಕಿಸುವವರು ನೆನಪಿಟ್ಟುಕೊಳ್ಳಲಿ.

ಇನ್ನು ನನ್ನ ಕಸುಬಿನ ಮಾತು, ಲೆಕ್ಕ. ಅಲಾಯ್ ಜೊತೆಗೆ 6,500, ಲೇತ್ ಮತ್ತು ವೆಲ್ಡಿಂಗ್ ಕೂಲಿ 1,800, ಹೊಸ ಅಳತೆಯ ಟಯರಿಗೆ 4,200. ಒಟ್ಟು 12,500 ರೂಪಾಯಿ. ಮರಳಿ ಮೊದಲಿನಂತೆ ಮಾಡಲು ಮೈಸೂರು, ಮಂಗಳೂರೆಂದು ನಾಲ್ಕು ತಿಂಗಳು ಹುಡುಕಿ ತಂದ ಹಳೆಯ ಹಬ್ಬುಗಳಿಗೆ 4,500, ಎರಡು ರಿಮ್ಮಿಗೆ 3,600, ಕಡ್ಡಿ ಮತ್ತು ನಿಪ್ಪಲಿಗೆ 1,400, ಹೆಣೆದ ಕೂಲಿ 1,200, ಮತ್ತೆ 18 ಇಂಚಿನ ಟಯರ್ ಟ್ಯೂಬಿಗೆ 4,400, ಒಟ್ಟು 15,100. ಎರಡೂ ಸೇರಿ 27,600. ಗುಜರಿಯ 420 ಕಳೆದರೆ 27,180 ರೂಪಾಯಿ. ಆಸ್ಪತ್ರೆಯ ಬಿಲ್ಲನ್ನು ಇದರಲ್ಲಿ ಸೇರಿಸಿಲ್ಲ. ಮೊದಲ ದಿನವೇ ಹಳೆಯ ಚಕ್ರಗಳ ತುಕ್ಕು ತಿಕ್ಕಿಸಿ ಕಡ್ಡಿ ಬದಲಿಸಿ ಹೆಣೆಸಿದ್ದರೆ 2,600 ರೂಪಾಯಿಯಲ್ಲಿ ಮುಗಿಯುತ್ತಿತ್ತು. ಅಜ್ಜಿಯ ಕಾಲದ ಸರವನ್ನು ಕರಗಿಸಿ ಹೊಸ ಡಿಸೈನ್ ಮಾಡಿಸಿಕೊಂಡು, ತೂಕ ಯಾಕೆ ಇಳಿಯಿತೆಂದು ಚಿನ್ನದ ಸಾಲದ ಕೌಂಟರಿನಲ್ಲಿ ಕೇಳುವವರಿಗೆ ನಾನೇ ಎಷ್ಟೋ ಬಾರಿ ಬುದ್ಧಿ ಹೇಳಿದ್ದೇನೆ. ಹೇಳಿದವನು ಮಾಡಿದ್ದು ಇದು.

ಕೊನೆಯ ವಾದವೇ ನನಗೆ ಹೆಚ್ಚು ಮುಖ್ಯವಾದುದು. "ಕಡ್ಡಿ ಬಿಗಿಯುವವರು ಈಗ ಎಲ್ಲಿದ್ದಾರೆ?" ಎಂದು ಕೇಳುತ್ತಾರೆ. ಇದ್ದಾರೆ. ನಮ್ಮ ಪೇಟೆಯ ಹಿಂದಿನ ಓಣಿಯಲ್ಲಿ, ನಾವೆಲ್ಲ ಇಚ್ಚ ಎಂದು ಕರೆಯುವ ಎಪ್ಪತ್ತರ ಹತ್ತಿರದ ಒಬ್ಬರು ಸೈಕಲ್ ಅಂಗಡಿ ಇಟ್ಟುಕೊಂಡಿದ್ದಾರೆ. ನಾನು ಚಿಕ್ಕವನಿದ್ದಾಗ ನನ್ನ ಸೈಕಲಿನ ಚಕ್ರದ ಬೆಂಡ್ ತೆಗೆದವರು ಅವರೇ. ಹುಡುಕಿ ತಂದ ಹಬ್ ಹಿಡಿದುಕೊಂಡು ಹೋದಾಗ ಕನ್ನಡಕ ಏರಿಸಿ ನೋಡಿದರು. ಎರಡು ದಿನ ಕೂತು ಹೆಣೆದರು. ಚಕ್ರವನ್ನು ಚೌಕಟ್ಟಿಗೆ ಸಿಕ್ಕಿಸಿ, ತಿರುಗುತ್ತಿರುವಾಗ ಸೀಮೆಸುಣ್ಣವನ್ನು ರಿಮ್ಮಿನ ಹತ್ತಿರ ಅಲುಗದಂತೆ ಹಿಡಿದರು. ಉಬ್ಬಿದ ಜಾಗಕ್ಕೆ ಮಾತ್ರ ಬಿಳಿ ಗೀರು ಬಿತ್ತು. ಅಲ್ಲಿ ಒಂದು ಬದಿಯ ನಿಪ್ಪಲನ್ನು ಕಾಲು ಸುತ್ತು ಬಿಗಿದು, ಎದುರು ಬದಿಯದನ್ನು ಕಾಲು ಸುತ್ತು ಸಡಿಲಿಸಿದರು. ಮತ್ತೆ ತಿರುಗಿಸಿದರು, ಮತ್ತೆ ಸುಣ್ಣ. ಕೊನೆಗೆ ಸಣ್ಣ ಸ್ಪ್ಯಾನರಿನಿಂದ ಒಂದೊಂದೇ ಕಡ್ಡಿಯನ್ನು ತಟ್ಟುತ್ತ ಕಿವಿಗೊಟ್ಟರು. ಬಿಗಿಯಾದುದು ಟಿಣ್ ಎಂದಿತು, ಸಡಿಲಾದುದು ಟಪ್ ಎಂದಿತು. ಚೌಕಿಯಲ್ಲಿ ಮದ್ದಳೆಯವರು ಶ್ರುತಿ ಕೂಡಿಸುವುದನ್ನು ಕಂಡವರಿಗೆ ಆ ಕೆಲಸ ಹೊಸದಲ್ಲ. ಯಾವಾಗ ಸಾಕೆಂದು ಹೇಗೆ ತಿಳಿಯುತ್ತದೆ ಎಂದು ಕೇಳಿದೆ. "ಚಕ್ರಂ ತನ್ನೆ ಪರಯುಂ," ಎಂದರು. ಚಕ್ರವೇ ಹೇಳುತ್ತದೆ.

ಕೂಲಿ ಎಷ್ಟೆಂದು ಕೇಳಿದರೆ 600 ರೂಪಾಯಿ ಎಂದರು. ನಾನು 1,200 ಕೊಟ್ಟೆ. ಉದಾರತನ ಎಂದು ದಯವಿಟ್ಟು ತಿಳಿಯಬೇಡಿ. ಲೇತಿನವನಿಗೆ 1,800 ಕೊಟ್ಟು ನನ್ನ ಅಳಿಯನ ಎಲುಬು ಮುರಿಸಿಕೊಂಡವನು ನಾನು. ಅವರ ಮಗ ಬಹರೈನಿನಲ್ಲಿದ್ದಾನೆ. ಅಂಗಡಿಗೆ ವಾರದಲ್ಲಿ ಇಬ್ಬರು ಮೂವರು ಬಂದರೆ ಹೆಚ್ಚು. ಕಡ್ಡಿ ಬಿಗಿಯುವವರು ಇಲ್ಲವೆಂದು ನಾವು ಅಲಾಯ್ ಹಾಕಿಸುತ್ತೇವೆ. ನಾವು ಅಲಾಯ್ ಹಾಕಿಸಿದುದರಿಂದ ಕಡ್ಡಿ ಬಿಗಿಯುವವರು ಇಲ್ಲವಾಗುತ್ತಾರೆ. ಈ ಸುತ್ತನ್ನು ಯಾರಾದರೂ ಒಂದು ಕಡೆ ಮುರಿಯಬೇಕು. ಮಲಯಾಳದಲ್ಲಿ ಆರಕ್ಕಾಲ್ ಎನ್ನಿ, ಕನ್ನಡದಲ್ಲಿ ಅರ ಎನ್ನಿ, ಇಚ್ಚನ ಕೈಗೆ ಎರಡೂ ಒಂದೇ.

ಆದುದರಿಂದ ಹಳೆಯ ಗಾಡಿ ಇರುವ ಮನೆಯವರಲ್ಲಿ ನನ್ನ ಕೋರಿಕೆ ಇಷ್ಟು. ಮಳೆಗಾಲಕ್ಕೆ ಮೊದಲು ಒಮ್ಮೆ ಕಡ್ಡಿಗಳನ್ನು ತಟ್ಟಿ ನೋಡಿ. ಒಂದು ತುಂಡಾದರೆ ಅದೇ ವಾರ ಬದಲಿಸಿ, ನಾಲ್ಕಾಗುವವರೆಗೆ ಕಾಯಬೇಡಿ. ತುಕ್ಕಿನ ಕಾಟ ತಾಳದಿದ್ದರೆ ಸ್ಟೇನ್‌ಲೆಸ್ ಕಡ್ಡಿ ಸಿಗುತ್ತದೆ, ಅದನ್ನು ಹೆಣೆಸಿ. ಇಷ್ಟೆಲ್ಲ ಕೇಳಿದ ಮೇಲೂ ಅಲಾಯ್ ಬೇಕೇ ಬೇಕೆಂದಾದರೆ, ಆ ಗಾಡಿಯ ಹಬ್, ಆಕ್ಸಲ್, ಬ್ರೇಕಿನ ಹಿಡಿತಗಳಿಗೆ ಹೊಂದುವ ಚಕ್ರವೇ ಉಂಟೆಂದು ತಿಳಿದು, ಸಾರಿಗೆ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿ, ಆಮೇಲೆ ಕೈಹಾಕಿ. ಹೊಂದದ್ದನ್ನು ಹೊಂದಿಸಿಕೊಡುತ್ತೇನೆ ಎನ್ನುವವನಿಗೆ ಗಾಡಿಯ ಕೀಲಿ ಕೊಡಬೇಡಿ. ತೆಗೆದ ಚಕ್ರವನ್ನು ಮಾತ್ರ ಯಾವ ಕಾರಣಕ್ಕೂ ಗುಜರಿಗೆ ಹಾಕಬೇಡಿ. ಅಟ್ಟದಲ್ಲಿ ಎರಡು ಚಕ್ರಕ್ಕೆ ಜಾಗ ಇಲ್ಲದ ಮನೆ ನಮ್ಮಲ್ಲಿ ಯಾವುದಿದೆ?

ಅಳಿಯನ ಎಲುಬು ಕೂಡಿದೆ. ಕಳೆದ ತಿಂಗಳು ಗಾಡಿ ಮತ್ತೆ ರಸ್ತೆಗಿಳಿಯಿತು. ಹೊರಡುವ ಮುನ್ನ ಅವನು ಕುಕ್ಕರುಗಾಲಲ್ಲಿ ಕೂತು, ಸ್ಪ್ಯಾನರಿನಿಂದ ಕಡ್ಡಿಗಳನ್ನು ಒಂದೊಂದಾಗಿ ತಟ್ಟುತ್ತಿದ್ದ. ನಾನು ಜಗಲಿಯಲ್ಲಿ ನಿಂತು ಕೇಳಿದೆ. ಎಪ್ಪತ್ತೆರಡೂ ಟಿಣ್ ಎಂದವು.